ಮೂರನೇ ತರಗತಿ ಮಗನ ಕಲಾ ಪ್ರದರ್ಶನ: ಎರಡು ಗುಡ್ಡ, ನಡುವೆ ಸೂರ್ಯ ಬಿಟ್ಟು ಬೇರೆ ಏನು ಮಾಡಿಸಲಿ?

ಡೋಣಿ ದಂಡೆ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನನ್ನ ಮಗ ಮೂರನೇ ತರಗತಿ, ಇಲ್ಲೇ ಒಂದು ಕನ್ನಡ ಶಾಲೆ. ಮುಂದಿನ ತಿಂಗಳು ಶಾಲೆಯಲ್ಲಿ ಮಕ್ಕಳ ಕಲಾ ಪ್ರದರ್ಶನ ಇದೆ. ಪ್ರತಿ ಮಗು ಎರಡು ಚಿತ್ರ ಮತ್ತು ಕೈಯಿಂದ ಮಾಡಿದ ಒಂದು ವಸ್ತು ಕೊಡಬೇಕು. ಪಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಲೇ ಪೈಪೋಟಿ ಶುರು. ಒಬ್ಬರು ಥರ್ಮೋಕೋಲ್ ಗೋಳಗುಮ್ಮಟಕ್ಕೆ ಆರ್ಡರ್ ಕೊಟ್ಟು ಅಡ್ವಾನ್ಸ್ ಕೂಡ ಕಟ್ಟಿದ್ದಾರಂತೆ. ಮಗು ಮಾಡಬೇಕಾದ್ದು ಏನು ಉಳಿಯಿತು ಅಂತ ಕೇಳೋಕೆ ಹೋಗಲಿಲ್ಲ.

ನನ್ನ ತೊಂದರೆ ಬೇರೆ. ನನ್ನ ಮಗನಿಗೆ ಹಾಳೆ ಕೊಟ್ಟರೆ ಸಾಕು, ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ಒಂದು ಹೊಳೆ, ಒಂದು ಗುಡಿಸಲು, ಒಂದು ತೆಂಗಿನ ಮರ. ಪ್ರತಿ ಸಲ ಅದೇ. ನಮ್ಮ ಮಾಳಿಗೆ ಮೇಲೆ ನಿಂತರೆ ಕಣ್ಣು ಹಾಯಿಸಿದಷ್ಟು ದೂರ ಸಪಾಟು ಎರೆ ಹೊಲ. ಅವನು ದಿನಾ ನೋಡೋದು ಬೇವು, ಜಾಲಿ. ಗುಡ್ಡ ಎಲ್ಲಿ ನೋಡಿದಿಯೋ ಅಂದರೆ "ಅವ್ವಾ, ಸೀನರಿ ಅಂದ್ರೆ ಗುಡ್ಡ ಇರಲೇಬೇಕು" ಅಂದ!

ಅದನ್ನು ಬಿಡಿಸೋದು ಹೇಗೆ? ಖರ್ಚಿಲ್ಲದೆ ಅವನೇ ಮಾಡುವಂಥದ್ದು ಏನಿದೆ? ಮತ್ತೆ, ನಾನು ಎಷ್ಟು ಕೈ ಹಾಕಬಹುದು? ಗೊತ್ತಿದ್ದವರು ಹೇಳಿ.

ಟಿಳಕವಾಡಿ ಅಪ್ಪ (ಬೆಳಗಾವಿ)

ನಮ್ಮ ಕಡೆ ಗುಡ್ಡ ಇದೆ, ಮಳೆ ಇದೆ, ಹೊಳೆ ಇದೆ. ಆದರೂ ನನ್ನ ಮಗಳು ಬಿಡಿಸೋದು ನಿಮ್ಮ ಮಗನ ಗುಡ್ಡವನ್ನೇ. ಎರಡು ತ್ರಿಕೋನ, ಸ್ಕೇಲ್ ಇಟ್ಟು ಎಳೆದ ಹಾಗೆ. ಊರಿನ ತಪ್ಪಲ್ಲ ಬಿಡಿ.

ಚಿತ್ರಕಲಾ ಮಾಸ್ತರ (ಬಾಗಲಕೋಟೆ ಜಿಲ್ಲೆ)

ಅಕ್ಕಾ, ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಪಕ್ಕದ ಪ್ರಾಥಮಿಕ ಶಾಲೆಗೂ ಆಗಾಗ ಹೋಗುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಏಳರಿಂದ ಒಂಬತ್ತು ವರ್ಷದ ಮಗುವಿನ ಚಿತ್ರದಲ್ಲಿ ಕೆಲವು ಸಂಗತಿ ತಾನಾಗಿಯೇ ಬರುತ್ತವೆ. ಹಾಳೆಯ ಕೆಳಗೆ ಒಂದು ಗೆರೆ, ಅದು ನೆಲ. ಮೇಲೆ ಒಂದು ನೀಲಿ ಪಟ್ಟಿ, ಅದು ಆಕಾಶ. ನಡುವೆ ಖಾಲಿ. ಮನೆಯ ಗೋಡೆ ಇದ್ದರೂ ಒಳಗಿನ ತೊಟ್ಟಿಲು, ಟಿವಿ ಎಲ್ಲ ಕಾಣುತ್ತವೆ. ಯಾರು ಮುಖ್ಯವೋ ಅವರು ದೊಡ್ಡವರು, ಬೇಡವಾದವರು ಚಿಕ್ಕವರು. ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವ ಕಲಾ ಶಿಕ್ಷಕರು 1947ರಲ್ಲೇ ಈ ಹಂತಗಳನ್ನು ವಯಸ್ಸಿನ ಪ್ರಕಾರ ಬರೆದಿಟ್ಟಿದ್ದಾರೆ. ಇವು ಯಾವುದೂ ತಪ್ಪಲ್ಲ. ಮಗು ಕಣ್ಣಿಗೆ ಕಂಡದ್ದನ್ನು ಬಿಡಿಸುವುದಿಲ್ಲ, ತನಗೆ ಗೊತ್ತಿದ್ದದ್ದನ್ನು ಬಿಡಿಸುತ್ತದೆ. ಅಷ್ಟೇ.

ಆದರೆ ಎರಡು ಗುಡ್ಡ ಆ ಲೆಕ್ಕಕ್ಕೆ ಬರಲ್ಲ. ಅದು ಮಗುವಿಗೆ ಗೊತ್ತಿರುವುದೂ ಅಲ್ಲ, ಕಂಡದ್ದೂ ಅಲ್ಲ. ಅಣ್ಣನಿಂದ ತಮ್ಮನಿಗೆ, ಬೋರ್ಡಿನಿಂದ ಪಾಟಿಗೆ ಇಳಿದು ಬಂದದ್ದು. ಅದಕ್ಕೇ ಬೆಳಗಾವಿಯಲ್ಲೂ ಅದೇ, ವಿಜಯಪುರದಲ್ಲೂ ಅದೇ.

ಬೇಡ ಅಂತ ಗದರಿಸಬೇಡಿ. ಗದರಿಸಿದರೆ ಇನ್ನೂ ಅಂಟಿಕೊಳ್ಳುತ್ತದೆ. "ಸೀನರಿ ಬಿಡಿಸು", "ಏನಾದರೂ ಬಿಡಿಸು" ಅನ್ನೋದನ್ನು ಮಾತ್ರ ನಿಲ್ಲಿಸಿ. ಅವನಿಗೊಬ್ಬನಿಗೇ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ. ಭಾನುವಾರದ ಸಂತೆಯಲ್ಲಿ ನೀನು ಯಾವ ಕಡೆ ನಿಂತಿದ್ದೆ? ಪಕ್ಕದಲ್ಲಿ ಏನು ಮಾರುತ್ತಿದ್ದರು? ಮಳೆ ಬಂದಾಗ ಯಾರು ಮೊದಲು ಓಡಿದರು? ವಿಷಯ ಎಷ್ಟು ಚಿಕ್ಕದೋ ಚಿತ್ರ ಅಷ್ಟು ಸ್ವಂತದ್ದು.

ಒಂದು ಉದಾಹರಣೆ. ನಾಲ್ಕನೇ ತರಗತಿಯ ಹುಡುಗಿ ಒಬ್ಬಳಿಗೆ "ನಿಮ್ಮವ್ವ ರೊಟ್ಟಿ ಬಡಿಯೋದು ಬಿಡಿಸು" ಅಂದೆ. ಅವ್ವನ ತಲೆ ಲಿಂಬೆಹಣ್ಣಿನಷ್ಟು ಬಂತು. ಕೈಗಳು ಮಾತ್ರ ಅರ್ಧ ಹಾಳೆ. ಬೆರಳು ಬಿಡಿಬಿಡಿಯಾಗಿ ಹರಡಿವೆ, ಒಂದೊಂದು ಬಳೆಗೂ ಬೇರೆ ಬಣ್ಣ. ಒಲೆ ಪಕ್ಕದಿಂದ ನೋಡಿದ ಹಾಗಿದೆ, ಹಂಚು ಮತ್ತು ರೊಟ್ಟಿ ಮೇಲಿನಿಂದ ನೋಡಿದ ಹಾಗೆ ಪೂರ್ತಿ ದುಂಡಗೆ. ರೊಟ್ಟಿಯ ಮೇಲೆ ಕಂದು ಚುಕ್ಕಿಗಳು, ಒಂದು ಕಡೆ ಸ್ವಲ್ಪ ಸೀದ ಅಂಚು ಕೂಡ ಇತ್ತು. ನಮ್ಮ ಸಹೋದ್ಯೋಗಿ ಒಬ್ಬರು "ಕೈ ಸಣ್ಣದು ಮಾಡಿಸಿ ಸರ್, ಪ್ರಮಾಣ ತಪ್ಪಿದೆ" ಅಂದರು. ನಾನು ಮಾಡಿಸಲಿಲ್ಲ. ರೊಟ್ಟಿ ಬಡಿಯುವಾಗ ತಲೆಗೆ ಏನು ಕೆಲಸ ಹೇಳಿ?

ಹಳೇ ಬ್ರಷ್ (ಅಥಣಿ)

ಮಾಸ್ತರರು ಹೇಳಿದ್ದು ಚೆನ್ನಾಗಿದೆ. ಆದರೆ ಮಗು ಏನು ಗೀಚಿದರೂ "ವಾಹ್ ವಾಹ್" ಅನ್ನೋದು ನನಗೆ ಒಪ್ಪಿಗೆ ಇಲ್ಲ. ನಾವು ಕ್ಯಾಲೆಂಡರ್ ಸರಸ್ವತಿಯನ್ನು ಚೌಕ ಹಾಕಿ ನಕಲು ಮಾಡಿಯೇ ಕೈ ಪಳಗಿಸಿಕೊಂಡವರು. ನಾನು ಬೋರ್ಡು ಬರೆದು ಸಂಸಾರ ನಡೆಸಿದೆ. ಮುಂದೆ ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ಎದುರಿಗೆ ಇಟ್ಟ ವಸ್ತು ನೋಡಿ ಬಿಡಿಸಬೇಕು. ಅಲ್ಲಿ ದೊಡ್ಡ ಕೈ, ಸಣ್ಣ ತಲೆ ನಡೆಯಲ್ಲ.

ಚಿತ್ರಕಲಾ ಮಾಸ್ತರ (ಬಾಗಲಕೋಟೆ ಜಿಲ್ಲೆ)

ಕಾಕಾ, ನಿಮ್ಮ ಮಾತಿಗೆ ನನ್ನದೂ ಒಪ್ಪಿಗೆ ಇದೆ, ವಯಸ್ಸಿನದೊಂದೇ ತಕರಾರು. ಒಂಬತ್ತು ಹತ್ತು ದಾಟಿದ ಮೇಲೆ ಮಕ್ಕಳೇ ಬಂದು ಕೇಳುತ್ತಾರೆ: "ಸರ್, ನನ್ನ ಕುದುರೆ ಕುದುರೆ ಥರ ಇಲ್ಲ, ನಾಯಿ ಥರ ಆಗಿದೆ." ಆವಾಗ ಕಲಿಸಬೇಕು. ನೆರಳು, ಬೆಳಕು, ಹತ್ತಿರ, ದೂರ ಎಲ್ಲ. ಆವಾಗ ಕಲಿಸದಿದ್ದರೆ "ನನಗೆ ಚಿತ್ರ ಬರಲ್ಲ" ಅಂತ ಕೈಬಿಡುತ್ತಾರೆ. ನಮ್ಮಲ್ಲಿ ಬಹಳ ಮಂದಿ ಕೈಬಿಡುವುದು ಆರು ಏಳನೇ ತರಗತಿಯಲ್ಲೇ. ಆದರೆ ಕೇಳದ ಎಂಟು ವರ್ಷದ ಮಗುವಿಗೆ ಚೌಕ ಹಾಕಿ ಸರಸ್ವತಿ ಮಾಡಿಸಿದರೆ, ಚೌಕ ಇಲ್ಲದೆ ಪೆನ್ಸಿಲ್ ಮುಟ್ಟಲ್ಲ.

ಹಳೇ ಬ್ರಷ್ (ಅಥಣಿ)

ನಾನು ಮುಟ್ಟಿದೆನಲ್ಲ! ಇರಲಿ. ನಮ್ಮ ಕಾಲ ಬೇರೆ, ಆಯ್ಕೆಯೇ ಇರಲಿಲ್ಲ. ಆದರೆ ಒಂದು ಮಾತು: ಬಣ್ಣ ಕಲಸೋದು, ಬ್ರಷ್ ತೊಳೆದಿಡೋದು, ಕತ್ತರಿ ಹಿಡಿಯೋದು ಇವನ್ನು ಮೂರನೇ ತರಗತಿಯಲ್ಲೇ ಸರಿಯಾಗಿ ಕಲಿಸಿ. ಬ್ರಷ್ಷನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಹೋಗುವ ಮಕ್ಕಳನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಲಿಕಲಿ ಅಕ್ಕೋರು (ಮುದ್ದೇಬಿಹಾಳ ತಾಲೂಕು)

ನಾನು ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್. ನಮಗೆ ಚಿತ್ರಕಲಾ ಶಿಕ್ಷಕರು ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆ ಕಡ್ಡಾಯ ವಿಷಯ ಆಗಬೇಕು ಅಂದಿತ್ತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧ ತೆಗೆದು ನೋಡಿ. ಕಲೆಗೆ ಅರೆಕಾಲಿಕ ಬೋಧಕರು ಅಂತ ಇರುವುದು 6ರಿಂದ 8ನೇ ತರಗತಿಗೆ ಮಾತ್ರ, ಅದೂ ಮಕ್ಕಳು 100ಕ್ಕಿಂತ ಜಾಸ್ತಿ ಇದ್ದರೆ. 1ರಿಂದ 5ಕ್ಕೆ ನಾವೇ ಎಲ್ಲ. ಗಣಿತ ಹೇಳಿಕೊಟ್ಟ ಕೈಯಲ್ಲೇ ಗಣಪನನ್ನೂ ಮಾಡಿಸಬೇಕು.

ಹಾಗಾಗಿ ಖರ್ಚಿಲ್ಲದ್ದು ನನಗೆ ಚೆನ್ನಾಗಿ ಗೊತ್ತು.

ಬೆಂಡೆಕಾಯಿ ಅಚ್ಚು ಎಲ್ಲರಿಗೂ ಗೊತ್ತು, ಆದರೆ ಎಲ್ಲರದ್ದೂ ಕೆಡುತ್ತದೆ. ಕಾರಣ ಅದರ ಲೋಳೆ. ಬಲಿತ ಬೆಂಡೆಕಾಯಿ ತಗೊಳ್ಳಿ, ಅಡುಗೆಗೆ ಬಾರದ್ದು ಇಲ್ಲಿಗೆ ಬರುತ್ತದೆ. ಹಿಂದಿನ ರಾತ್ರಿಯೇ ಕತ್ತರಿಸಿ ಬಟ್ಟೆಯಲ್ಲಿ ಒರೆಸಿಡಿ. ಬಣ್ಣವನ್ನು ಬ್ರಷ್‌ನಿಂದ ಹಚ್ಚಬೇಡಿ. ಹಳೇ ಬಟ್ಟೆ ನಾಲ್ಕು ಮಡಿಕೆ ಮಾಡಿ, ತಟ್ಟೆಯಲ್ಲಿಟ್ಟು, ಅದಕ್ಕೆ ಬಣ್ಣ ಕುಡಿಸಿ. ಅದರ ಮೇಲೆ ಒತ್ತಿ ಹಾಳೆಗೆ ಒತ್ತಿ. ಐದು ಎಸಳಿನ ಹೂವು ಸ್ವಚ್ಛವಾಗಿ ಬರುತ್ತದೆ. ಉಳ್ಳಾಗಡ್ಡಿ ಅಡ್ಡ ಕತ್ತರಿಸಿದರೆ ಸುತ್ತು ಸುತ್ತು.

ಎಲೆ ಉಜ್ಜುವುದು: ಅರಳಿ ಎಲೆ ಒಳ್ಳೆಯದು, ನರ ಎದ್ದು ಕಾಣುತ್ತದೆ. ನರ ಇರುವ ಮಗ್ಗುಲು ಮೇಲೆ ಮಾಡಿ, ತೆಳು ಹಾಳೆ ಹೊದಿಸಿ, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಬೇಕು. ತುದಿಯಿಂದ ಗೀಚಿದರೆ ಹರಿಯುತ್ತದೆ.

ಮೇಣದ ಚಿತ್ರ: ಬಿಳಿ ಹಾಳೆ ಮೇಲೆ ಬಿಳಿ ಮೇಣದಬತ್ತಿಯಿಂದ ಬಿಡಿಸಿ, ಮೇಲೆ ನೀರುನೀರಾಗಿ ವಾಟರ್ ಕಲರ್ ಬಳಿದರೆ ಮೇಣ ಇದ್ದಲ್ಲಿ ಬಣ್ಣ ನಿಲ್ಲಲ್ಲ. ಏನು ಬಿಡಿಸಿದ್ದೇನೆ ಅಂತ ಬಣ್ಣ ಬಳಿಯುವವರೆಗೂ ಮಗುವಿಗೇ ಕಾಣಲ್ಲ. ಎರಡು ಗುಡ್ಡದ ಮಕ್ಕಳಿಗೆ ಇದು ಒಳ್ಳೆ ಔಷಧ. ಕಾಣದ ಗೆರೆಯಲ್ಲಿ ಹಳೇ ಚಿತ್ರ ಬಿಡಿಸೋಕೆ ಕೈ ಬರಲ್ಲ.

ಹೆಸರು ಬೇಡ (ವಿಜಯಪುರ)

ಎಲ್ಲ ಹೇಳೋಕೆ ಚೆನ್ನಾಗಿದೆ. ನಾನೂ ಹೋದ ವರ್ಷ ಮಗಳ ಕೈಯಲ್ಲೇ ಮಾಡಿಸಿದೆ. ಪಕ್ಕದ ಟೇಬಲ್ ಮೇಲೆ ಲೈಟ್ ಹತ್ತುವ, ನೀರು ಚಿಮ್ಮುವ ಮಾಡೆಲ್. ಬಹುಮಾನ ಅದಕ್ಕೇ. ಅದನ್ನು ಮಾಡಿದ್ದು ಅಂಗಡಿಯವನು ಅಂತ ಎಲ್ಲರಿಗೂ ಗೊತ್ತು, ತೀರ್ಪು ಕೊಟ್ಟವರಿಗೂ ಗೊತ್ತು. ನನ್ನ ಮಗಳು ಮನೆಗೆ ಬಂದು ತನ್ನದನ್ನು ಮಂಚದ ಕೆಳಗೆ ತಳ್ಳಿದಳು. ಈ ವರ್ಷ ನಾನೂ ಆರ್ಡರ್ ಕೊಡುತ್ತೇನೆ ಅಂದರೆ ತಪ್ಪಾ?

ಟಿಳಕವಾಡಿ ಅಪ್ಪ (ಬೆಳಗಾವಿ)

ತಪ್ಪು ನಿಮ್ಮದಲ್ಲ, ತೀರ್ಪು ಕೊಟ್ಟವರದ್ದು. ಅಂದ ಹಾಗೆ, ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಎಲ್ಲ ಅದೇ ಪಟ್ಟಿಯಲ್ಲಿವೆ. ಶಾಲೆಯ ಮಾಡೆಲ್ ಅಲಂಕಾರ ಅಲ್ಲ ಅಂತ ಅಂಗಡಿಯವರು ವಾದ ಮಾಡಬಹುದು. ಆದರೆ ಪರಿಸರ ದಿನಕ್ಕೆ ಭಾಷಣ ಮಾಡಿಸುವ ಶಾಲೆಗೆ ಒಂದು ಪತ್ರ ಬರೆಯೋಕೆ ಇಷ್ಟು ಸಾಕು.

ಚಿತ್ರಕಲಾ ಮಾಸ್ತರ (ಬಾಗಲಕೋಟೆ ಜಿಲ್ಲೆ)

ಪತ್ರದ ಜೊತೆ ಒಂದು ಸಲಹೆನೂ ಕೊಡಿ. ಪ್ರತಿಭಾ ಕಾರಂಜಿಯಲ್ಲಿ ಮಣ್ಣಿನ ಮಾದರಿ ಸ್ಪರ್ಧೆ ಹೇಗೆ ನಡೆಯುತ್ತದೆ? ಮಕ್ಕಳು ಅಲ್ಲೇ ಕೂತು, ಕೊಟ್ಟ ಸಮಯದೊಳಗೆ ಮಾಡಬೇಕು. ನಿಮ್ಮ ಶಾಲೆಯವರೂ ಹಾಗೇ ಮಾಡಲಿ. "ಕೈಯಿಂದ ಮಾಡಿದ ವಸ್ತು" ಶಾಲೆಯಲ್ಲೇ, ಎರಡು ಪೀರಿಯಡ್‌ನಲ್ಲಿ. ಅಂಗಡಿಯವನನ್ನು ಬೆಂಚಿನ ಮೇಲೆ ಕೂರಿಸೋಕೆ ಆಗಲ್ಲ ಅಲ್ವಾ.

ಗೋಳಗುಮ್ಮಟವೇ ಬೇಕು ಅಂದರೆ ಕಾಗದದಲ್ಲಿ ಮಾಡಿಸಿ. ಒಂದೇ ಅಳತೆಯ ಎರಡು ಚೌಕ ಕತ್ತರಿಸಿ. ಒಂದರ ಮೇಲೆ ಒಂದನ್ನು ಸ್ವಲ್ಪ ತಿರುಗಿಸಿ, ಮೇಲಿನದರ ಮೂಲೆ ಕೆಳಗಿನದರ ಬದಿಯ ನಡುವೆ ಬರುವಂತೆ ಅಂಟಿಸಿ. ಎಂಟು ಮೂಲೆಯ ನಕ್ಷತ್ರ ಆಯ್ತು, ನಡುವೆ ಎಂಟು ಬದಿಯ ಜಾಗ ಉಳಿಯಿತು. ಗುಮ್ಮಟದ ಒಳಗೆ ನಿಂತು ತಲೆ ಎತ್ತಿದರೆ ಕಾಣುವುದು ಇದೇ. ಒಂದರೊಳಗೊಂದು ಹೆಣೆದ ಕಮಾನುಗಳು ಚೌಕದ ಕಟ್ಟಡವನ್ನು ಎಂಟು ಬದಿಗೆ ತಂದು, ಅದರ ಮೇಲೆ ದುಂಡನೆಯ ಗುಮ್ಮಟ ಕೂರಿಸುತ್ತವೆ. ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬ ಇಲ್ಲ. ಮಕ್ಕಳಿಗೆ ಮೊದಲು ಕಾಗದ ತಿರುಗಿಸಲು ಕೊಡಿ, ಆಮೇಲೆ ಕರೆದುಕೊಂಡು ಹೋಗಿ ತೋರಿಸಿ. ಕೂಗಿ ಪ್ರತಿಧ್ವನಿ ಕೇಳೋದು ಹೇಗೂ ಇದ್ದೇ ಇದೆ, ಒಂದು ಸಲ ಮೇಲೂ ನೋಡಲಿ. ನಾಲ್ಕು ಮೂಲೆಯ ಗೋಪುರಗಳಿಗೂ ಎಂಟೇ ಬದಿ, ಏಳು ಅಂತಸ್ತು. ಎಣಿಸಿ ಕಿಟಕಿ ಬಿಡಿಸುವ ಹುಡುಗರು ಇರುತ್ತಾರೆ, ಅವರಿಗೆ ಹಬ್ಬ.

ಮಲಪ್ರಭಾ ಬದಿ (ಖಾನಾಪುರ)

ಮಣ್ಣಿನ ಮಾತು ಬಂತು, ಸುಮ್ನೆ ಇರೋಕೆ ಆಗಲಿಲ್ಲ. ನಮ್ಮದು ಕುಂಬಾರರ ಮನೆ. ಖಾನಾಪುರದ ಕೆಂಪು ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು. ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ನಮ್ಮಲ್ಲೇ. ಮಕ್ಕಳ ಕೈಗೆ ಅಂಗಡಿಯ ಬಣ್ಣದ ಕ್ಲೇ ಕೊಡುವ ಬದಲು ನಿಜವಾದ ಮಣ್ಣು ಕೊಡಿ. ಆ ಕ್ಲೇ ಸಣ್ಣ ಡಬ್ಬಿಯಲ್ಲಿ ಬರುತ್ತದೆ, ಮಗು ಬೆರಳ ತುದಿಯಲ್ಲೇ ಕೆಲಸ ಮಾಡುತ್ತದೆ. ಮಣ್ಣಾದರೆ ಮೊಣಕೈವರೆಗೂ ಇಳಿಯುತ್ತದೆ.

ಡೋಣಿ ದಂಡೆ (ವಿಜಯಪುರ)

ಅಣ್ಣಾರೆ, ಒಂದು ಡೌಟು. ಮಣ್ಣೆತ್ತಿನ ಅಮಾವಾಸ್ಯೆಗೆ ಮಗ ನಮ್ಮ ಹೊಲದ ಎರೆ ಮಣ್ಣಿನಲ್ಲಿ ಎತ್ತು ಮಾಡಿದ್ದ. ಮರುದಿನ ನೋಡಿದರೆ ಎರಡಕ್ಕೂ ಕಾಲಿಲ್ಲ, ಬೆನ್ನು ಪೂರ್ತಿ ಬಿರುಕು. ಬಹಳ ಅತ್ತ. ಯಾಕೆ ಹಾಗಾಗುತ್ತದೆ?

ಮಲಪ್ರಭಾ ಬದಿ (ಖಾನಾಪುರ)

ಎರೆ ಮಣ್ಣಿನ ಗುಣವೇ ಅದು ಅಕ್ಕಾ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲ ಬಾಯಿ ಬಿಡುವುದಿಲ್ಲವೇ? ಎತ್ತಿನ ಬೆನ್ನಿನಲ್ಲಿ ಆಗಿದ್ದೂ ಅದೇ.

ಎರೆ ಮಣ್ಣನ್ನೇ ಬಳಸುವುದಾದರೆ ಹೀಗೆ ಮಾಡಿ. ಮಣ್ಣು ಒಣಗಿಸಿ ಕುಟ್ಟಿ ಸಾಣಿಗೆ ಹಿಡಿಯಿರಿ. ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು, ಒಂದು ಹಿಡಿ ಹೊಟ್ಟು. ಮರಳು ಕುಗ್ಗುವುದನ್ನು ಕಡಿಮೆ ಮಾಡುತ್ತದೆ, ಹೊಟ್ಟು ಹಿಡಿದಿಡುತ್ತದೆ. ಒಂದು ರಾತ್ರಿ ಒದ್ದೆ ಗೋಣಿಚೀಲದಲ್ಲಿ ಕಟ್ಟಿಡಿ. ಬೆಳಗ್ಗೆ ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿ. ಕೈಗೆ ಅಂಟಬಾರದು, ಹಗ್ಗದಂತೆ ಹೊಸೆದು ಬಗ್ಗಿಸಿದರೆ ಒಡೆಯಬಾರದು, ಅದೇ ಹದ. ಕೆರೆ ಮಣ್ಣು ಸಿಕ್ಕರೆ ಇಷ್ಟು ಕಷ್ಟ ಇಲ್ಲ.

ಇನ್ನು ಕಾಲು. ಮಕ್ಕಳು ಕಾಲು ಬೇರೆ ಮಾಡಿ ಹೊಟ್ಟೆಗೆ ಸುಮ್ನೆ ಒತ್ತುತ್ತಾರೆ. ಒಣಗಿದಾಗ ಅದು ಬಿಡುತ್ತದೆ. ಎರಡೂ ಕಡೆ ಕಡ್ಡಿಯಿಂದ ಗೀರಬೇಕು. ನೀರಿನಲ್ಲಿ ಮಣ್ಣು ಕಲಸಿದ ಗಂಜಿ ಹಚ್ಚಬೇಕು. ಒತ್ತಿ, ಬೆರಳಿನಿಂದ ಸವರಿ ಸೇರಿಸಬೇಕು. ಇನ್ನೂ ಸುಲಭ ಅಂದರೆ ಒಂದೇ ಮುದ್ದೆಯಿಂದ ಕಾಲು ಎಳೆದು ತೆಗೆಯೋದು. ನಮ್ಮ ಅಜ್ಜ ಎತ್ತು ಮಾಡುತ್ತಿದ್ದದ್ದು ಹಾಗೇ, ಎಲ್ಲಿಯೂ ಬೆಸುಗೆ ಇರಲಿಲ್ಲ.

ಬಿಸಿಲಿಗೆ ಇಡಲೇಬೇಡಿ. ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ, ಆಮೇಲೆ ಬಟ್ಟೆ ತೆಗೆದು ನೆರಳಲ್ಲೇ. ಮುಷ್ಟಿಗಿಂತ ದೊಡ್ಡದಾದರೆ ಒಳಗೆ ಟೊಳ್ಳು ಮಾಡಿಸಿ.

ಮೂರನೇ ತರಗತಿಯವರಿಗೆ ಮೊದಲ ಕೆಲಸ ಅಂದರೆ ಬಟ್ಟಲು. ಅಂಗೈಯಲ್ಲಿ ಉಂಡೆ, ಹೆಬ್ಬೆರಳು ನಡುವೆ ಇಳಿಸಿ, ತಿರುಗಿಸುತ್ತಾ ಚಿವುಟುತ್ತಾ ಹೋಗಬೇಕು. ತಿಗರಿ, ಅಂದರೆ ಕುಂಬಾರರ ಚಕ್ರ ಬೇಕಿಲ್ಲ. ಗೋಡೆ ಒಂದು ಬೆರಳ ದಪ್ಪ ಇರಲಿ. ಬಟ್ಟಲು ಬಂದರೆ ಅದನ್ನೇ ಬೋರಲು ಹಾಕಿದರೆ ಆಮೆ, ಎರಡು ಸೇರಿಸಿದರೆ ಹಕ್ಕಿ.

ಆಷಾಢದ ಗಾಳಿ (ಜಮಖಂಡಿ)

ಗುಳ್ಳವ್ವನನ್ನು ಯಾರೂ ನೆನೆಸಲಿಲ್ಲವಲ್ಲ! ಆಷಾಢದ ಮಂಗಳವಾರ ನಾವು ಹುಡುಗಿಯರು ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಕುಸುಬಿ, ಜೋಳ, ಗುಲಗಂಜಿ ಚುಚ್ಚಿ ಸಿಂಗರಿಸುತ್ತಿದ್ದೆವು. ಬಿಳಿ ಕುಸುಬಿಯಲ್ಲಿ ಸರ, ಕೆಂಪು ಗುಲಗಂಜಿಯಲ್ಲಿ ಕಣ್ಣು. ಯಾವ ಡ್ರಾಯಿಂಗ್ ಕ್ಲಾಸಿಗೂ ಕಮ್ಮಿ ಇರಲಿಲ್ಲ. ಅದನ್ನೇ ಪ್ರಾಜೆಕ್ಟ್ ಮಾಡಿಸಬಹುದು.

ನಲಿಕಲಿ ಅಕ್ಕೋರು (ಮುದ್ದೇಬಿಹಾಳ ತಾಲೂಕು)

ಗುಳ್ಳವ್ವ ಬೇಕು, ಗುಲಗಂಜಿ ಬೇಡ. ಅದರ ಬೀಜ ವಿಷ. ಹೊರಗಿನ ಸಿಪ್ಪೆ ಗಟ್ಟಿ ಇರುವುದರಿಂದ ಮುಟ್ಟಿದರೆ ಏನಾಗಲ್ಲ, ಆದರೆ ಮಗು ಕಚ್ಚಿ ನುಂಗಿದರೆ ಅಪಾಯ. ಸೂಜಿಯಲ್ಲಿ ತೂತು ಮಾಡಿ ಪೋಣಿಸುವುದಂತೂ ಬೇಡವೇ ಬೇಡ. ಒಂದನೇ ತರಗತಿ ಮಕ್ಕಳು ಏನು ಸಿಕ್ಕರೂ ಬಾಯಿಗೆ, ಇಲ್ಲವೇ ಮೂಗಿಗೆ. ಕುಸುಬಿ, ಜೋಳ, ಅಲಸಂದಿ ಸಾಕು. ಕೆಂಪು ಬೇಕಾದರೆ ಜೋಳಕ್ಕೆ ಕುಂಕುಮ ಹಚ್ಚಿ.

ಆಷಾಢದ ಗಾಳಿ (ಜಮಖಂಡಿ)

ಸರಿ ಅಕ್ಕೋರೆ. ನಮ್ಮವ್ವನೂ ಬೈಯುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ.

ಖಣದ ಮನೆ (ಗುಳೇದಗುಡ್ಡ)

ನಮ್ಮದು ಮಗ್ಗದ ಮನೆ. ಮಕ್ಕಳಿಗೆ ನೇಯೋದು ಕಾಗದದಲ್ಲೇ ಕಲಿಸಬಹುದು. ಒಂದು ಬಣ್ಣದ ಹಾಳೆ ಅರ್ಧಕ್ಕೆ ಮಡಚಿ. ಮಡಿಕೆಯ ಕಡೆಯಿಂದ ನೇರ ಸೀಳುಗಳನ್ನು ಕತ್ತರಿಸುತ್ತಾ ಹೋಗಿ. ಆಚೆ ಅಂಚಿಗೆ ಒಂದು ಬೆರಳು ಉಳಿಸಿ, ಪೂರ್ತಿ ಕತ್ತರಿಸಬೇಡಿ. ಬಿಡಿಸಿದರೆ ಅದೇ ಹಾಸು, ಅಂದರೆ ಉದ್ದದ ಎಳೆ. ಬೇರೆ ಬಣ್ಣದ ಪಟ್ಟಿ ಹೊಕ್ಕು, ಅಂದರೆ ಅಡ್ಡ ಎಳೆ. ಮೊದಲ ಸಾಲು ಮೇಲೆ ಕೆಳಗೆ, ಎರಡನೆಯದು ಕೆಳಗೆ ಮೇಲೆ. ಮಕ್ಕಳು ತಪ್ಪುವುದು ಎರಡನೇ ಸಾಲಿನಲ್ಲಿ. ಅದೂ ಮೊದಲಿನ ಹಾಗೇ ಹೋದರೆ ಪಟ್ಟಿಗಳು ಜಾರುತ್ತವೆ. ನೀವು ಹೇಳಬೇಡಿ, ಜಾರಲಿ, ಅವರೇ ಕಂಡುಕೊಳ್ಳುತ್ತಾರೆ.

ಹಾಗೇ ಮುಂದುವರಿದು ಇಳಕಲ್ ಸೀರೆ ಮಾಡಿಸಬಹುದು. ಒಡಲಿಗೆ ಕಪ್ಪು ಇಲ್ಲವೇ ಹಸಿರು, ಸೆರಗಿಗೆ ಕೆಂಪು, ಕೆಂಪಿನ ಮೇಲೆ ಬಿಳಿ ಟೋಪಿ ತೆನಿ ವಿನ್ಯಾಸ. ನಿಜವಾದ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದು ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕಾಗದದಲ್ಲೂ ಎರಡು ತುಂಡನ್ನು ಹೇಗೆ ಕೂಡಿಸುತ್ತೀಯಾ ಅಂತ ಮಗುವಿಗೆ ಬಿಡಿ. ನಮ್ಮ ಅಣ್ಣನ ಮಗ ಪ್ರತಿ ಪಟ್ಟಿಯ ತುದಿ ಮಡಚಿ ಕೊಕ್ಕೆ ಮಾಡಿ ಸಿಕ್ಕಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ನೋಡಿದ್ದನಲ್ಲ.

ಇಳಕಲ್ ಸೆರಗು

ಕಸೂತಿಯನ್ನೂ ಸೇರಿಸಿ. ಸೂಜಿ ಬೇಡ, ಗ್ರಾಫ್ ಹಾಳೆ, ಕೆಂಪು ಪೆನ್ನು ಸಾಕು. ಕಸೂತಿ ಎಂದರೆ ಎಳೆ ಎಣಿಸಿ ಹಾಕುವ ಕೆಲಸ, ಬಟ್ಟೆ ಮೇಲೆ ಮೊದಲೇ ಬರೆದುಕೊಳ್ಳುವುದಿಲ್ಲ. ಹಾಗಾಗಿ ಗ್ರಾಫ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹೊಲಿಗೆಗಳಲ್ಲಿ ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲು ಮೆಟ್ಟಿಲು, ಮೆಂತಿ ಅಡ್ಡ ಗುಣಾಕಾರ ಚಿಹ್ನೆ. ತೇರು, ಗೋಪುರ, ತುಳಸಿಕಟ್ಟೆ, ಆನೆ ಎಲ್ಲ ಚೌಕ ಎಣಿಸಿ ಬರುತ್ತವೆ. ಅರ್ಧ ತೇರು ನಾನು ಹಾಕಿಕೊಟ್ಟು ಉಳಿದರ್ಧ ಮಗುವಿಗೆ ಬಿಡುತ್ತೇನೆ. ಗಣಿತದಲ್ಲಿ ಸಮಮಿತಿ ಅಂತ ಕಲಿಸೋದೂ ಇದನ್ನೇ.

ಹೆಸರು ಬೇಡ (ವಿಜಯಪುರ)

ನಮ್ಮ ಶಾಲೆಯಲ್ಲಿ ಕಸೂತಿ ಅಂದರೆ ಹುಡುಗಿಯರಿಗೆ, ಮಣ್ಣು ಅಂದರೆ ಹುಡುಗರಿಗೆ ಅಂತ ಹಂಚಿಬಿಡುತ್ತಾರೆ. ಮಗಳಿಗೆ ಮಣ್ಣು ಬೇಕು ಅಂದರೆ "ಯೂನಿಫಾರ್ಮ್ ಹೊಲಸಾಗುತ್ತದೆ" ಅನ್ನುತ್ತಾರೆ. ಹುಡುಗರ ಯೂನಿಫಾರ್ಮ್ ಹೊಲಸಾಗಲ್ವಾ?

ಖಣದ ಮನೆ (ಗುಳೇದಗುಡ್ಡ)

ನಮ್ಮ ಮನೆಯಲ್ಲಿ ಮಗ್ಗದ ಮೇಲೆ ಕೂರುವುದು ಅಪ್ಪ, ಕಂಡಿಕೆ ಸುತ್ತುವುದು ಅವ್ವ. ದಾರದ ಕೆಲಸ ಹುಡುಗಿಯರದ್ದು ಅಂತ ನಮ್ಮಪ್ಪನ ಮುಂದೆ ಹೇಳಿ ನೋಡಿ.

ಆಷಾಢದ ಗಾಳಿ (ಜಮಖಂಡಿ)

ಗುಳ್ಳವ್ವನನ್ನು ಮಾಡಿದ ಮಣ್ಣು ಯಾರ ಕೈಯಲ್ಲಿತ್ತು ಅಂತ ಅವರನ್ನೇ ಕೇಳಿ.

ಡೋಣಿ ದಂಡೆ (ವಿಜಯಪುರ)

ಎಲ್ಲರಿಗೂ ಬಹಳ ಥ್ಯಾಂಕ್ಸ್. ಸ್ವಲ್ಪ ಸುದ್ದಿ. ಮಾಸ್ತರರು ಹೇಳಿದ ಹಾಗೆ "ಟಾಂಗಾ ಹತ್ತಿದಾಗ ನೀನು ಎಲ್ಲಿ ಕೂತಿದ್ದೆ?" ಅಂತ ಕೇಳಿದೆ. ಬಿಡಿಸಿದ. ಎರಡೂ ಗಾಲಿ ಒಂದೇ ಬದಿಗೆ ಅಕ್ಕಪಕ್ಕ ಬಂದಿವೆ. ಕುದುರೆಗೆ ಕಣ್ಣಿಗೆ ಕಟ್ಟುವ ಪಟ್ಟಿ, ಕೊರಳಿಗೆ ಗೆಜ್ಜೆ, ಬಾಲದ ಹತ್ತಿರ ನೊಣ ಕೂಡ ಇದೆ. ಟಾಂಗಾದ ಕಾಕಾ ಕುದುರೆಗಿಂತ ದೊಡ್ಡವರು. ತಾನು ಹಿಂದೆ ಕಾಲು ಜೋಲಿ ಬಿಟ್ಟು ಕೂತಿದ್ದಾನೆ. ಹಿಂದೆ ಎರಡು ಗುಡ್ಡ ಇದ್ದೇ ಇವೆ, ಆದರೆ ಗೋಳಗುಮ್ಮಟ ಅವುಗಳ ನಡುವೆ ಬಂದಿದೆ, ಸೂರ್ಯನಿಗೆ ಜಾಗ ಇಲ್ಲ. ಗಾಲಿ ಸರಿ ಮಾಡಿಸಲಾ?

ಚಿತ್ರಕಲಾ ಮಾಸ್ತರ (ಬಾಗಲಕೋಟೆ ಜಿಲ್ಲೆ)

ಮುಟ್ಟಬೇಡಿ! ಟಾಂಗಾಕ್ಕೆ ಎರಡು ಗಾಲಿ ಅಂತ ಅವನಿಗೆ ಗೊತ್ತು, ಎರಡನ್ನೂ ತೋರಿಸಿದ್ದಾನೆ. ನೊಣ ಇರುವ ಚಿತ್ರಕ್ಕೆ ನಾನಾದರೆ ಬಹುಮಾನ ಕೊಡುತ್ತಿದ್ದೆ.

ನೀವು ಎಷ್ಟು ಕೈ ಹಾಕಬಹುದು ಅಂತ ಕೇಳಿದ್ದಿರಿ. ಚಾಕು, ಬೆಂಕಿ, ಭಾರ ಎತ್ತುವುದು ನಿಮ್ಮದು. ಮಣ್ಣು ಹದ ಮಾಡಿ ಕೊಡಿ, ಹಾಳೆ ಅಂಚು ಕತ್ತರಿಸಿ ಕೊಡಿ. ಪೆನ್ಸಿಲ್, ಬ್ರಷ್, ಬಣ್ಣದ ಆಯ್ಕೆ ಅವನದು. "ಇಲ್ಲಿ ಸ್ವಲ್ಪ ಹಸಿರು ಹಾಕು" ಅನ್ನೋದೂ ಕೈ ಹಾಕಿದ ಹಾಗೇ. ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಅವನ ಒಂದು ಮಾತು ಬರೆದು ಅಂಟಿಸಿ, ಅವನು ಹೇಳಿದ ಹಾಗೇ, ನೀವು ತಿದ್ದದೆ. ಚಿತ್ರವನ್ನು ದೊಡ್ಡವರ ಕಣ್ಣಿನ ಎತ್ತರಕ್ಕೆ ತೂಗು ಹಾಕಬೇಡಿ ಅಂತ ಶಾಲೆಗೂ ಹೇಳಿ. ಮಕ್ಕಳು ನೋಡೋಕೆ ಬರುವುದು, ಅವರಿಗೆ ಕಾಣಬೇಕು.

ಹಳೇ ಬ್ರಷ್ (ಅಥಣಿ)

ಬಣ್ಣಕ್ಕೆ ನನ್ನದೊಂದು. ಅಂಗಡಿ ಡಬ್ಬಿಯ ಜೊತೆ ಮನೆಯ ಬಣ್ಣವನ್ನೂ ಮಾಡಿಸಿ ನೋಡಿ. ಅರಿಶಿಣ ಹಳದಿ, ಅದಕ್ಕೆ ಚೂರು ಸುಣ್ಣದ ತಿಳಿನೀರು ಬಿದ್ದರೆ ಕಣ್ಣ ಮುಂದೆಯೇ ಕೆಂಪು. ಸುಣ್ಣ ದೊಡ್ಡವರೇ ಹಾಕಿ, ಕಣ್ಣಿಗೆ ಹೋದರೆ ಕೆಟ್ಟದ್ದು. ಇದ್ದಿಲು ಅರೆದರೆ ಕಪ್ಪು. ಬಾದಾಮಿ ಕಡೆಯ ಕೆಮ್ಮಣ್ಣು ಸಿಕ್ಕರೆ ಬಂಗಾರ. ಆ ಮಣ್ಣಿಗೂ ಅಲ್ಲಿಯ ಬಂಡೆಗೂ ಕೆಂಪು ಬಂದಿರುವುದು ಕಬ್ಬಿಣದ ಅಂಶದಿಂದ, ಬಿಸಿಲಿಗೆ ಮಾಸುವುದಿಲ್ಲ. ಅರಿಶಿಣ, ಬೀಟ್‌ರೂಟ್ ಮಾಸುತ್ತವೆ, ಪ್ರದರ್ಶನಕ್ಕೆ ಹತ್ತಿರದ ದಿನ ಬಳಿಯಿರಿ.

ಬಣ್ಣ ಹಾಳೆಗೆ ಹಿಡಿಯೋಕೆ ಅಂಟು ಬೇಕು. ಜಾಲಿ ಮರದ ಅಂಟು ರಾತ್ರಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಪುಡಿಗೆ ಕಲಸಿ. ಅಂಗಡಿಯ ವಾಟರ್ ಕಲರ್‌ನಲ್ಲಿ ಇರುವುದೂ ಇದೇ ಜಾತಿಯ ಅಂಟು. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಅಲ್ಲೇ ಮೇಲೆ ಚಿತ್ರದ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. ಪ್ರವಾಸಕ್ಕೆ ಹೋದಾಗ ಮಕ್ಕಳು ಮಂಗಗಳನ್ನು ನೋಡುತ್ತಾರೆ, ಮೇಷ್ಟ್ರು ಮೊಬೈಲ್ ನೋಡುತ್ತಾರೆ, ಆ ಬಣ್ಣ ನೋಡುವವರು ಕಮ್ಮಿ.

ಚಿತ್ರಕಲಾ ಮಾಸ್ತರ (ಬಾಗಲಕೋಟೆ ಜಿಲ್ಲೆ)

ಕಾಕಾ, ಕೊನೆಯ ಮಾತು ನನಗೇ ಹೇಳಿದ್ದು ಅಂತ ತಗೊಳ್ತೇನೆ.

ಡೋಣಿ ದಂಡೆ (ವಿಜಯಪುರ)

ಕ್ಲಾಸ್ ಟೀಚರ್ ಹತ್ತಿರ ಮಾತಾಡಿದೆ. "ಹೆಸರು ಬೇಡ" ಅವರೂ ಬಂದಿದ್ದರು, ನಮ್ಮದು ಒಂದೇ ಶಾಲೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯ್ತು! ಮಣ್ಣಿನ ಕೆಲಸ ಶಾಲೆಯಲ್ಲೇ ಮಾಡಿಸೋಕೆ ಒಪ್ಪಿದ್ದಾರೆ, ಹುಡುಗ ಹುಡುಗಿ ಎಲ್ಲರಿಗೂ. ಬಹುಮಾನ ತೆಗೆಯೋಕೆ ಮಾತ್ರ ಒಪ್ಪಲಿಲ್ಲ. ಆರ್ಡರ್ ಕೊಟ್ಟವರು ಅಡ್ವಾನ್ಸ್ ವಾಪಸ್ ಬರಲ್ಲ ಅಂತ ಗುಂಪಿನಲ್ಲಿ ಮುನಿಸಿಕೊಂಡಿದ್ದಾರೆ. ಈಗ ಸಮಸ್ಯೆ ಮಣ್ಣು. ಒಂದು ತರಗತಿಗೆ, ಅಂದರೆ ಮೂವತ್ತು ಚಿಲ್ಲರೆ ಮಕ್ಕಳಿಗೆ ಎಷ್ಟು ಬೇಕು? ಎಲ್ಲಿಂದ ತರಲಿ?

ಮಲಪ್ರಭಾ ಬದಿ (ಖಾನಾಪುರ)

ಒಂದು ಮಗುವಿಗೆ ಅರ್ಧ ಕಿಲೋ ಹಿಡಿಯಿರಿ. ಕೆಡಿಸಿಕೊಳ್ಳುವವರಿಗೂ ಸೇರಿ ಇಪ್ಪತ್ತು ಕಿಲೋ ಸಾಕು. ಖಾನಾಪುರದಿಂದ ತರಿಸಬೇಡಿ, ಸಾಗಣೆಯೇ ಜಾಸ್ತಿ ಆಗುತ್ತದೆ. ಹತ್ತಿರದ ಕುಂಬಾರ ಓಣಿಗೆ ಹೋಗಿ "ಹದ ಮಾಡಿದ ಮಣ್ಣು" ಅಂತಲೇ ಕೇಳಿ, ಹಸಿ ಮಣ್ಣು ಕೇಳಬೇಡಿ. ಗಣಪತಿ ಸೀಸನ್‌ನಲ್ಲಿ ಯಾರೂ ಕೊಡಲ್ಲ, ಉಳಿದ ದಿನ ಕೊಡುತ್ತಾರೆ. ದುಡ್ಡು ಕೊಟ್ಟೇ ತನ್ನಿ, ಶಾಲೆಗೆ ಅಂತ ಪುಕ್ಕಟೆ ಕೇಳಬೇಡಿ. ಆಗುವುದಾದರೆ ಆ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಆವತ್ತು ಶಾಲೆಗೆ ಕರೆಯಿರಿ.

ಹೆಸರು ಬೇಡ (ವಿಜಯಪುರ)

ನಮ್ಮ ಓಣಿಯ ಹಿಂದೆಯೇ ಕುಂಬಾರರ ಮನೆ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಕೇಳಿ ಬರುತ್ತೇನೆ. ಗೋಣಿಚೀಲ ಎರಡು ನಿಮ್ಮ ಕಡೆಯಿಂದ ಇರಲಿ ಅಕ್ಕಾ, ನನ್ನ ಸ್ಕೂಟಿಯಲ್ಲಿ ಒಂದೇ ಹಿಡಿಯುತ್ತದೆ.

ಡೋಣಿ ದಂಡೆ (ವಿಜಯಪುರ)

ಆಯ್ತು. ಚೀಲ ನನ್ನದು, ಇನ್ನೊಂದು ಗಾಡಿನೂ ನನ್ನದು.